ಅಟ್ಟಕ್ಕೆ ಏರಿದ ಆಸೆ, ಹಗೇವಿಗೆ ಇಳಿದ ಭಯ

ಬೇರೆ ಕಡೆ ಅಟ್ಟ ಎಂದರೆ ಮುರಿದ ತೊಟ್ಟಿಲು, ತೂತು ಬಿದ್ದ ಪಾತ್ರೆ, ಹಳೆಯ ಚಾಪೆ ಎಸೆಯುವ ಜಾಗ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅದು ಮನೆಯ ಖಜಾನೆ. ಮರದಿಂದ ಇಳಿಸಿದ ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. ಹತ್ತು ಹನ್ನೊಂದು ತಿಂಗಳು, ಕೆಲವೊಮ್ಮೆ ಪೂರಾ ಒಂದು ವರ್ಷ, ಅದು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆಯಾದ ಮೇಲೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಸದ್ದು ಬರುತ್ತದೆ. ಆಗ ಅದು ಉಂಡೆ ಕೊಬ್ಬರಿ. ಒಡೆದು ಬಿಸಿಲಿಗೆ ಒಣಗಿಸಿ ಎಣ್ಣೆಗೆ ಕಳಿಸುವ ಹೋಳು ಕೊಬ್ಬರಿ ಬೇರೆ, ಉತ್ತರ ಭಾರತದ ಹಬ್ಬ ಮದುವೆಗಳಿಗೆ ಇಡಿಯಾಗಿ ಹೋಗುವ ನಮ್ಮ ಉಂಡೆ ಬೇರೆ.

ಈ ಬೇಸಾಯದ ಕಾಲಮಾನ ಸ್ವಲ್ಪ ನೋಡಿ. ಸಸಿ ನೆಟ್ಟು ಆರೇಳು ವರ್ಷಕ್ಕೆ ಫಲ ಶುರು. ಹೊಂಬಾಳೆ ಒಡೆದು ಕಾಯಿ ಬಲಿಯುವುದಕ್ಕೆ ಒಂದು ವರ್ಷ, ಅಟ್ಟದ ಮೇಲೆ ಇನ್ನೊಂದು ವರ್ಷ. ಒಂದು ಕ್ವಿಂಟಲ್ ಕೊಬ್ಬರಿಗೆ ಎಂಟುನೂರರಿಂದ ಸಾವಿರದಷ್ಟು ಕಾಯಿ ಬೇಕು. ಇವತ್ತು ಹೊಂಬಾಳೆಯನ್ನು ನೋಡಿ ‘ಇದರಲ್ಲಿ ಮಗಳಿಗೊಂದು ಸರ ಮಾಡಿಸಬೇಕು’ ಎಂದುಕೊಂಡವಳಿಗೆ ದುಡ್ಡು ಕಾಣುವುದು ಎರಡು ವರ್ಷದ ಮೇಲೆ. ಅಷ್ಟು ದಿನ ಆ ಗುರಿಯನ್ನು ಹಿಡಿದಿಡುವುದು ಲೆಕ್ಕದ ಪುಸ್ತಕವಲ್ಲ, ಆಸೆ. ಅದನ್ನು ಕೆಡಿಸುವುದೂ ಹೆಚ್ಚಿನ ಸಲ ಲೆಕ್ಕದ ತಪ್ಪಲ್ಲ, ಭಯ, ಆತುರ, ಹಟ, ಇಲ್ಲವೇ ನಾಲ್ಕು ಜನ ಏನಂದಾರು ಎಂಬ ಅಳುಕು.

‘ಹಣದ ವಿಷಯದಲ್ಲಿ ಭಾವುಕರಾಗಬೇಡಿ’ ಎಂದು ಈಗ ಬ್ಯಾಂಕಿನವರೂ ವಿಮೆಯವರೂ ಮ್ಯೂಚುವಲ್ ಫಂಡಿನವರೂ ಹೇಳುತ್ತಾರೆ. ನನ್ನ ಊರು ಕೆಂಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕು ಹುಳಿಯಾರು ಹೋಬಳಿ. ನಮ್ಮ ಸೀಮೆಯ ನೂರೈವತ್ತು ವರ್ಷಗಳ ಹಣದ ಚರಿತ್ರೆಯನ್ನು ಕೆದಕಿದಷ್ಟೂ ನನಗೆ ಆ ಬುದ್ಧಿಮಾತು ಪೊಳ್ಳು ಅನ್ನಿಸಿದೆ. ಇಲ್ಲಿ ಗುರಿಗಳು ಹುಟ್ಟಿದ್ದೇ ಭಾವನೆಯಿಂದ. ಹಳಬರ ಜಾಣತನ ಇದ್ದದ್ದು ಭಾವನೆಯನ್ನು ಹೊರಗಟ್ಟುವುದರಲ್ಲಲ್ಲ, ಒಂದೊಂದು ಭಾವನೆಗೂ ಒಂದೊಂದು ಜಾಗ ಮಾಡಿಕೊಡುವುದರಲ್ಲಿ.

ಭಯದಿಂದ ಶುರು ಮಾಡೋಣ, ಏಕೆಂದರೆ ಚರಿತ್ರೆಯಲ್ಲೂ ಅದೇ ಮೊದಲು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಬರವನ್ನು ಹಳಬರು ಧಾತು ವರ್ಷದ ಬರ ಎಂದು ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದೊಳಗೆ ಇಳಿದಿತ್ತು. ಸುತ್ತಮುತ್ತಲ ಬಯಲುಸೀಮೆಯ ಮನೆಗಳಲ್ಲಿ ನಾಲ್ಕೈದು ತಲೆಮಾರು ಕಳೆದರೂ ಅನ್ನದ ಅಗುಳು ನೆಲಕ್ಕೆ ಬಿದ್ದರೆ ಹಿರಿಯರು ಬೈಯುತ್ತಿದ್ದ ಬೈಗುಳದಲ್ಲಿ ಆ ಬರ ಉಳಿದುಕೊಂಡಿತ್ತು.

ಆ ಭಯಕ್ಕೆ ರೈತರ ಬಳಿ ಮೊದಲಿನಿಂದಲೂ ಒಂದು ಜಾಗ ಇತ್ತು, ಅದು ಹಗೇವು. ನೆಲದೊಳಗೆ ತೋಡಿದ, ಬಾಯಿ ಕಿರಿದಾದ ಕಣಜ. ರಾಗಿ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಮುಟ್ಟದು. ಇದರ ಗುಣ ಬರಿಯ ಶೇಖರಣೆಯಲ್ಲ. ಹಗೇವನ್ನು ಬೇಕೆಂದಾಗ ತೆಗೆಯುವಂತಿಲ್ಲ. ಬಾಯಿ ಬಿಚ್ಚಿ, ಒಳಗಿನ ಕೆಟ್ಟ ಗಾಳಿ ಹೋಗಲು ಕಾದು, ದೀಪ ಇಳಿಬಿಟ್ಟು, ದೀಪ ಆರಲಿಲ್ಲ ಎಂದರೆ ಮಾತ್ರ ಆಳು ಇಳಿಯಬೇಕು. ಕೇರಿಗೆಲ್ಲ ಗೊತ್ತಾಗುವ ಕೆಲಸ. ಹಾಗಾಗಿ ಸಣ್ಣಪುಟ್ಟ ಆಸೆಗೆ ಯಾರೂ ಹಗೇವಿಗೆ ಕೈ ಹಾಕುತ್ತಿರಲಿಲ್ಲ. ಭಯದಿಂದ ಕೂಡಿಟ್ಟದ್ದನ್ನು ಚಪಲ ಖರ್ಚು ಮಾಡದಂತೆ ನೆಲವೇ ಕಾಯುತ್ತಿತ್ತು.

ಸರ್ಕಾರಕ್ಕೂ ಭಯ ಇತ್ತು. 1881ರಲ್ಲಿ ಅಧಿಕಾರ ಒಡೆಯರ್ ಮನೆತನಕ್ಕೆ ಮರಳಿದಾಗ ಬರದ ಕಾಲದ 80 ಲಕ್ಷ ರೂಪಾಯಿ ಸಾಲ ಜೊತೆಗೇ ಬಂತು. ಆ ಸಾಲ ಹೊತ್ತುಕೊಂಡೇ ದಿವಾನ ರಂಗಾಚಾರ್ಲು ರೈಲು ಹಾಕಿಸಲು ಹೊರಟರು. ಇನ್ನೊಂದು ಬರ ಬಂದರೆ ಧಾನ್ಯ ಸಾಗಿಸಲು ದಾರಿ ಇರಬೇಕು ಎಂಬ ಎಣಿಕೆ ಅದರ ಹಿಂದಿತ್ತು. 1884ಕ್ಕೆ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. 1889ರ ಹೊತ್ತಿಗೆ ಅದು ತಿಪಟೂರು, ಅರಸೀಕೆರೆ ದಾಟಿ ಹರಿಹರ ಮುಟ್ಟಿತ್ತು. ಎರಡೇ ವರ್ಷಕ್ಕೆ, 1891ರಲ್ಲಿ, ಮೈಸೂರು ಸರ್ಕಾರ ತನ್ನ ನೌಕರರಿಗೆ ಜೀವವಿಮೆಯನ್ನು ಕಡ್ಡಾಯ ಮಾಡಿತು. ತಿಂಗಳ ಸಂಬಳ ಕೈಗೆ ಬರುವ ಮೊದಲೇ ಒಂದು ಪಾಲು ಹಿಡಿದುಕೊಳ್ಳುವ ಏರ್ಪಾಟು. ಅದೂ ಒಂದು ಬಗೆಯ ಹಗೇವೇ.

ಬರಕ್ಕೆ ಹೆದರಿ ಹಾಕಿಸಿದ ರೈಲು ತಿಪಟೂರಿಗೆ ತಂದದ್ದು ಮಾತ್ರ ಆಸೆ. ತೆಂಗು, ಅಡಿಕೆ ಇಲ್ಲಿಗೆ ಹೊಸದಲ್ಲ. 1800ರಲ್ಲಿ ಈ ಕಡೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿ ಸುತ್ತಿನ ತೋಟಗಳನ್ನೂ ಗುಬ್ಬಿಯ ಪೇಟೆಯ ವ್ಯಾಪಾರವನ್ನೂ ಬರೆದಿಟ್ಟಿದ್ದಾನೆ. ಆದರೆ ಹೇರೆತ್ತು, ಗಾಡಿಗಳ ಕಾಲದಲ್ಲಿ ಸರಕು ಹೋಗುವ ದೂರಕ್ಕೆ ಮಿತಿ ಇತ್ತು. ರೈಲು ಬಂದ ಮೇಲೆ ಕೆರೆ ಹಿಂದಿನ ಗದ್ದೆಯಿಂದ ಹೊಲಕ್ಕೂ ತೆಂಗು ಹತ್ತಿತು. ತಿಪಟೂರು ಕೊಬ್ಬರಿಯ ದೊಡ್ಡ ಪೇಟೆಯಾಯಿತು. ಆ ಪೇಟೆಯ ಹರಾಜಿನ ದರ ಇವತ್ತಿಗೂ ಸುತ್ತಲ ತಾಲ್ಲೂಕುಗಳ ಮಾತಿನ ಮೊದಲ ವಾಕ್ಯ. ‘ಹೆಂಗೈತೆ?’ ಎಂದು ಕೇಳಿದರೆ ಆರೋಗ್ಯ ವಿಚಾರಿಸುತ್ತಿದ್ದಾರೋ ಕೊಬ್ಬರಿ ದರವೋ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಜಿಲ್ಲೆಗೆ ಗ್ರಾಮೀಣ ಬ್ಯಾಂಕ್ ಬಂದಾಗ ಅದಕ್ಕೂ ಕಲ್ಪತರು ಎಂದೇ ಹೆಸರಿಟ್ಟರು.

ಮರದ ಮೇಲಿನ ಆಸೆಯನ್ನು ಅಟ್ಟ ಹದಕ್ಕೆ ತರುತ್ತಿತ್ತು. ಹಣ್ಣು, ತರಕಾರಿ ಬೆಳೆದವನಿಗೆ ಸಂಜೆಯೊಳಗೆ ಮಾರುವ ಒತ್ತಡ. ಅಟ್ಟಕ್ಕೆ ಹಾಕಿದ ಕಾಯಿಯನ್ನು ಬೇಕೆಂದರೂ ನಾಳೆ ಕೊಬ್ಬರಿ ಮಾಡಲಾಗುವುದಿಲ್ಲ. ನೆಂಟರು ಬಂದರು, ಜಾತ್ರೆ ಬಂತು, ಪೇಟೆಯಲ್ಲಿ ಹೊಸ ಸೀರೆ ಬಂತು ಎಂದು ಆತುರಪಟ್ಟರೆ ಅಟ್ಟ ಕೇಳುವುದಿಲ್ಲ. ಬ್ಯಾಂಕಿನ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಬಹುದು, ಅಟ್ಟದ ಠೇವಣಿಯನ್ನು ಹಾಗೆ ಮುರಿಸಲು ಬರುವುದಿಲ್ಲ. ನಮ್ಮ ಮನೆಯಲ್ಲಿ ಅಟ್ಟದ ಒಂದು ಅಂಕಣ ಮಗ್ಗಿಯಂತೆ ಎಲ್ಲರಿಗೂ ಬಾಯಿಪಾಠವಾಗಿತ್ತು: ಇದು ಸೊಸೈಟಿ ಸಾಲಕ್ಕೆ, ಇದು ಅತ್ತೆಯ ಮದುವೆಗೆ, ಇದು ಮನೆದೇವರ ಮುಡಿಪಿಗೆ. ದುಡ್ಡು ದುಡ್ಡೇ, ಯಾವ ಮೂಲೆಯಿಂದ ಬಂದರೇನು ಎಂಬುದು ಅರ್ಥಶಾಸ್ತ್ರದ ಹಳೆಯ ಪಾಠ. ಜನ ಹಾಗೆ ನಡೆಯುವುದಿಲ್ಲ, ಒಂದೊಂದು ಕಾಸಿಗೂ ಒಂದೊಂದು ಹೆಸರಿಟ್ಟು ನಡೆಯುತ್ತಾರೆ ಎಂದು ತೋರಿಸಿದವರಲ್ಲಿ ಒಬ್ಬರು ರಿಚರ್ಡ್ ಥೇಲರ್. ಅವರಿಗೆ 2017ರಲ್ಲಿ ನೊಬೆಲ್ ಬಂತು. ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ಎಂದು ದೇವರ ಕೋಣೆಯಲ್ಲಿ ಇಡುತ್ತಿದ್ದ ಅಜ್ಜಿಯರಿಗೆ ಈ ವಿಷಯ ಗೊತ್ತೇ ಇತ್ತು. ಎಂಥ ತಾಪತ್ರಯ ಬಂದರೂ ಮುಡಿಪು ಬಿಚ್ಚಬಾರದು. ಅದನ್ನು ಕಾಯುತ್ತಿದ್ದದ್ದು ಬೀಗವಲ್ಲ, ಭಕ್ತಿ.

ಮಾನಕ್ಕೂ ಒಂದು ಪುಸ್ತಕ ಇತ್ತು, ಮುಯ್ಯಿ ಪುಸ್ತಕ. ಮದುವೆಯ ದಿನ ಚಪ್ಪರದ ಮೂಲೆಯಲ್ಲಿ ಕೂತವನೊಬ್ಬ ಯಾರು ಎಷ್ಟು ಹಾಕಿದರು ಎಂದು ಬರೆದುಕೊಳ್ಳುತ್ತಿದ್ದ. ಅವರ ಮನೆಯ ಮದುವೆಗೆ ಅಷ್ಟನ್ನು, ಸಾಧ್ಯವಾದರೆ ಒಂದು ರೂಪಾಯಿ ಮೇಲೆ ಇಟ್ಟು, ತೀರಿಸಬೇಕು. ಬಡ್ಡಿಯಿಲ್ಲದ ಸಾಲ, ಕಾಗದಪತ್ರವಿಲ್ಲದ ಸಾಲ, ಆದರೆ ತಪ್ಪಿಸಿಕೊಂಡವರು ಕಡಿಮೆ. ಚೀಟಿಯೂ ಇದೇ ಕಸುವಿನ ಮೇಲೆ ನಿಂತಿತ್ತು. ಮೊದಲ ತಿಂಗಳಲ್ಲೇ ಕೂಗಿ ಚೀಟಿ ಎತ್ತಿದವನು ಉಳಿದ ತಿಂಗಳೆಲ್ಲ ಕಂತು ಕಟ್ಟುತ್ತಿದ್ದದ್ದು ಕೋರ್ಟಿಗೆ ಹೆದರಿ ಅಲ್ಲ. ಕರಾವಳಿಯಲ್ಲಿ 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಶುರು ಮಾಡಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸಿದ ಗುಟ್ಟೂ ಇದೇ ಇರಬೇಕು. ದಿನಾ ಬರುವ ಮನುಷ್ಯನನ್ನು ಬರಿಗೈಯಲ್ಲಿ ಕಳಿಸಲು ಸಂಕೋಚ. ಸಂಕೋಚವೇ ಉಳಿತಾಯವಾಗುತ್ತಿತ್ತು.

ಇದೆಲ್ಲ ಒಳ್ಳೆಯ ಕಾಲದ ಕತೆಯಂತೆ ಕೇಳಬಾರದು. ಅಟ್ಟ ಇದ್ದದ್ದು ತೋಟ ಇದ್ದವರಿಗೆ. ಮರ ಹತ್ತುವವರಿಗೆ, ಕಾಯಿ ಸುಲಿಯುವವರಿಗೆ, ಕೊಬ್ಬರಿಯನ್ನು ಕರಟದಿಂದ ಬಿಡಿಸುವ ಹೆಂಗಸರಿಗೆ ಅಟ್ಟ ಇರಲಿಲ್ಲ. ಮುಂಗಡ ಪಡೆದು ಅದನ್ನು ತೀರಿಸಲು ದುಡಿಯುವುದೇ ಅವರ ಹಣಕಾಸು. 1976ರಲ್ಲಿ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯ್ದೆ ತಂದಾಗ ಅಡವಿಟ್ಟ ಒಡವೆ, ಪಾತ್ರೆಗಳು ಬಡವರ ಮನೆಗೆ ಮರಳಿದವು. ಒಂದು ತಂಬಿಗೆ ಹಿಂದಕ್ಕೆ ಬಂದದ್ದನ್ನು ಬೆಲೆಯಿಂದ ಅಳೆಯಲಾಗದು. ಎಷ್ಟೋ ಮನೆಗಳಲ್ಲಿ ಅದು ಮದುವೆಯಲ್ಲಿ ಬಂದ ತಂಬಿಗೆ.

ತೋಟ ಇದ್ದ ಮನೆಯಲ್ಲೂ ಅಟ್ಟದ ಯಜಮಾನಿಕೆ ಗಂಡಸಿನದು. ಹೆಂಗಸರ ಖಜಾನೆ ಸಾಸಿವೆ ಡಬ್ಬಿ. ಹಾಲಿನ ಡೈರಿಯ ಬಟವಾಡೆಯಲ್ಲಿ ಹತ್ತು, ಕಡ್ಡಿ ಪೊರಕೆ ಮಾರಿದ್ದರಲ್ಲಿ ಇಪ್ಪತ್ತು, ತವರಿನವರು ಕೈಗಿಟ್ಟದ್ದು ನೂರು. ಗುಟ್ಟೇ ಆ ಡಬ್ಬಿಯ ಬೀಗ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ಆ ಬೀಗ ಒಂದೇ ಏಟಿಗೆ ಒಡೆಯಿತು. ನಮ್ಮಜ್ಜಿ ಮೂರನೆಯ ದಿನ ಒಂಬತ್ತು ಐನೂರರ ನೋಟು ತಂದು ಅಪ್ಪನ ಮುಂದಿಟ್ಟಳು. ಯಾರೂ ಏನೂ ಅನ್ನಲಿಲ್ಲ. ದುಡ್ಡು ಬ್ಯಾಂಕಿನಲ್ಲಿ ಬದಲಾಯಿತು, ಒಂದು ಪೈಸೆಯೂ ಕಡಿಮೆಯಾಗಲಿಲ್ಲ. ಆದರೆ ಆಮೇಲೆ ಅವಳು ಕೂಡಿಡಲಿಲ್ಲ. ‘ಗೊತ್ತಾದ್ಮೇಲೆ ಅದು ನನ್ ದುಡ್ಡೆಂಗಾಯ್ತದೆ ಬಿಡು ಮಗಾ’ ಅಂದಳು. ಬ್ಯಾಂಕಿನ ಲೆಕ್ಕದಲ್ಲಿ ಏನೂ ನಷ್ಟವಿಲ್ಲ, ಅವಳ ಲೆಕ್ಕದಲ್ಲಿ ಡಬ್ಬಿಯೇ ಹೋಗಿತ್ತು.

ಈಗ ಅಟ್ಟಕ್ಕೆ ಮರಳುತ್ತೇನೆ, ಏಕೆಂದರೆ ಈಚಿನ ವರ್ಷಗಳಲ್ಲಿ ಅದು ಇನ್ನೊಂದು ಮುಖ ತೋರಿಸಿದೆ. 2021–22ರ ಹೊತ್ತಿಗೆ ಕ್ವಿಂಟಲ್‌ಗೆ 17 ಸಾವಿರ ಮುಟ್ಟಿದ್ದ ಉಂಡೆ ಕೊಬ್ಬರಿ 2023ರಲ್ಲಿ 8 ಸಾವಿರದ ಆಸುಪಾಸಿಗೆ ಬಿತ್ತು. ಕೇಂದ್ರ ಸರ್ಕಾರ ಆ ಸಾಲಿಗೆ ಗೊತ್ತುಮಾಡಿದ್ದ ಬೆಂಬಲ ಬೆಲೆಯೇ 11,750 ರೂಪಾಯಿ. ಬೀಳುತ್ತಿದ್ದ ದಿನಗಳಲ್ಲಿ ನಮ್ಮ ಕಡೆ ಬಹಳ ಜನ ಮಾರಲಿಲ್ಲ. 17 ಕಂಡ ಕಣ್ಣಿಗೆ 14 ನಷ್ಟ. 14ಕ್ಕೆ ಮಾರದವರಿಗೆ 11 ಅವಮಾನ. 11ಕ್ಕೆ ಮಾರದವರಿಗೆ 8 ಎಂದರೆ ತಮ್ಮ ದಡ್ಡತನಕ್ಕೆ ತಾವೇ ಸಹಿ ಹಾಕಿದ ಹಾಗೆ. ಇಂಥ ನಡವಳಿಕೆಯನ್ನು ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ವಿವರಿಸಿದ್ದರು. ಮನಸ್ಸು ಲಾಭ ನಷ್ಟವನ್ನು ಅಳೆಯುವುದು ಒಂದು ಗುರುತಿನ ಕಲ್ಲಿನಿಂದ. ಆ ಕಲ್ಲಿನಿಂದ ಕೆಳಗಿಳಿದ ನೋವು ಅಷ್ಟೇ ಮೇಲೇರಿದ ಸಂತೋಷಕ್ಕಿಂತ ಸುಮಾರು ಎರಡು ಪಟ್ಟು. ನಷ್ಟದಲ್ಲಿರುವವನು ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಇನ್ನಷ್ಟು ಅಪಾಯಕ್ಕೆ ಇಳಿಯುತ್ತಾನೆ.

ಷೇರಿನಂತೆ ಕೊಬ್ಬರಿ ಸುಮ್ಮನೆ ಕೂರುವುದಿಲ್ಲ. ಹದ ಮೀರಿದ ಮೇಲೆ ತೂಕ ಇಳಿಯುತ್ತದೆ, ಹುಳ ಬೀಳುತ್ತದೆ, ಕೌರು ಹತ್ತುತ್ತದೆ. ಆತುರಕ್ಕೆ ಕಡಿವಾಣ ಹಾಕಲು ಕಟ್ಟಿದ ಅಟ್ಟವೇ ಪಶ್ಚಾತ್ತಾಪವನ್ನು ಬಚ್ಚಿಡುವ ಜಾಗವಾಯಿತು. ಕಣ್ಣಿಗೆ ಕಾಣದಂತೆ ತಲೆಯ ಮೇಲೆ ಇದ್ದರೆ ನಷ್ಟ ಇನ್ನೂ ಆಗಿಲ್ಲ ಎಂದುಕೊಳ್ಳಬಹುದಲ್ಲ. ಕಾಯುವುದನ್ನು ಕಲಿಸಿದ ಅಟ್ಟಕ್ಕೆ ಕಾಯುವುದನ್ನು ನಿಲ್ಲಿಸುವ ವಿದ್ಯೆ ಗೊತ್ತಿರಲಿಲ್ಲ. ಹಗೇವಿಗೂ ಮುಡಿಪಿಗೂ ಒಂದು ಕೊನೆ ಇತ್ತು: ಬರ ಬಂದರೆ ತೆಗೆ, ಹರಕೆ ತೀರುವ ದಿನ ಬಿಚ್ಚು. ದರಕ್ಕೆ ಅಂಥ ಕೊನೆ ಇಲ್ಲ.

2024ರ ಮೊದಲ ತಿಂಗಳುಗಳಲ್ಲಿ ಆ ಅಟ್ಟಗಳೆಲ್ಲ ಒಟ್ಟಿಗೆ ಬೀದಿಗಿಳಿದವು. ನಾಫೆಡ್ ಮೂಲಕ ಖರೀದಿ, ಕೇಂದ್ರದ 12,000 ರೂಪಾಯಿಯ ಮೇಲೆ ರಾಜ್ಯ ಸರ್ಕಾರದ್ದು 1,500. ನೋಂದಣಿ ಕೇಂದ್ರಗಳ ಮುಂದೆ ರೈತರು ಹಿಂದಿನ ರಾತ್ರಿಯೇ ಬಂದು ಮಲಗಿದರು. ಖರೀದಿಯ ಮಿತಿ ನೋಡನೋಡುತ್ತ ತುಂಬಿಹೋಯಿತು. ಒಮ್ಮೆ ಆದ ನೋಂದಣಿ ರದ್ದಾಗಿ ಮತ್ತೆ ನಡೆಯಿತು. ಟವೆಲ್ಲು, ಚಪ್ಪಲಿ ಇಟ್ಟು ಸಾಲು ಹಿಡಿದವರಲ್ಲಿ ಎಪ್ಪತ್ತು ದಾಟಿದವರಿದ್ದರು. ಎರಡು ವರ್ಷ ತಾಳ್ಮೆಯಿಂದ ಕಾದವರು ಎರಡು ಗಂಟೆಯ ಆತಂಕಕ್ಕೆ ಸಿಕ್ಕಿ ಒಬ್ಬರನ್ನೊಬ್ಬರು ತಳ್ಳುತ್ತಿದ್ದರು.

ಇದಕ್ಕಿಂತ ಆಳದ ಇನ್ನೊಂದು ಭಾವನೆ ಇದೆ. ಹೆತ್ತ ಮಕ್ಕಳು ಕೈಬಿಟ್ಟರೂ ನೆಟ್ಟ ತೆಂಗು ಕೈಬಿಡದು ಎಂಬುದು ನಮ್ಮ ಕಡೆಯ ಮಾತು. ಹಾಗಾದರೆ ತೆಂಗೇ ಸಾಯತೊಡಗಿದಾಗ? ಕಪಿಲೆ ಹೂಡಿ ನೀರೆತ್ತುತ್ತಿದ್ದ ಬಾವಿಗಳು ಬತ್ತಿ, ಕೊಳವೆಬಾವಿ ಬಂದು, ಅದೂ ನೂರಿನ್ನೂರು ಅಡಿಯಿಂದ ಸಾವಿರ ಅಡಿಗೆ ಇಳಿಯಿತು. 2010ರ ದಶಕದ ಬರಗಳಲ್ಲಿ, ಅದರಲ್ಲೂ 2016–17ರಲ್ಲಿ, ತುಮಕೂರು, ಹಾಸನದ ಕಡೆ ಸುಳಿ ಬಾಗಿ ನಿಂತ ತೋಟಗಳನ್ನು ಕಂಡವರು ಮರೆಯುವುದಿಲ್ಲ. ಕಪ್ಪುತಲೆ ಹುಳು, ರಸ ಸೋರುವ ರೋಗ ಬೇರೆ. ಆ ದಿನಗಳಲ್ಲಿ ನಮ್ಮ ಚಿಕ್ಕಪ್ಪ ಒಂದರ ಹಿಂದೆ ಒಂದು ನಾಲ್ಕು ಕೊಳವೆಬಾವಿ ಕೊರೆಸಿದರು. ಎರಡನೆಯದಕ್ಕೆ ಸೊಸೈಟಿ ಸಾಲ, ಮೂರನೆಯದಕ್ಕೆ ಕೈಸಾಲ, ನಾಲ್ಕನೆಯದಕ್ಕೆ ಚಿಕ್ಕಮ್ಮನ ಸರ. ಆ ದುಡ್ಡಿಗೆ ಬಡ್ಡಿ ಹಾಕಿದರೆ ತೋಟ ಹತ್ತು ವರ್ಷ ಕೊಡುವ ಫಸಲಿಗಿಂತ ಹೆಚ್ಚಾಗುತ್ತದೆ ಎಂದು ಹೇಳಿದ್ದಕ್ಕೆ ಅವರು ಸಿಟ್ಟಾಗಲಿಲ್ಲ. ‘ಲೆಕ್ಕ ನಂಗೂ ಬತ್ತದೆ ಕಣಪ್ಪ. ನಮ್ಮಪ್ಪ ನೆಟ್ಟ ಮರ ಕಣ್ಮುಂದೆ ಒಣಗ್ತಿದ್ರೆ ಲೆಕ್ಕ ಹಾಕ್ಕಂಡು ಕೂತ್ಕಳಾಕಾಯ್ತದಾ?’ ಅಂದರು.

ನಾಲ್ಕನೆಯದರಲ್ಲಿ ಒಂದಿಂಚು ನೀರು ಬಂತು. ಅರ್ಧ ತೋಟ ಉಳಿಯಿತು. ಸರ ವಾಪಸ್ ಬರಲಿಲ್ಲ. ಇದು ಗೆದ್ದ ಕತೆಯೋ ಸೋತ ಕತೆಯೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಆದರೆ ಒಂದು ಗಮನಿಸಿದ್ದೇನೆ. ನಮ್ಮವರು ಭಯಕ್ಕೆ ಹಗೇವು ತೋಡಿದರು, ಆತುರಕ್ಕೆ ಅಟ್ಟ ಕಟ್ಟಿದರು, ಮಾನಕ್ಕೆ ಮುಯ್ಯಿ ಪುಸ್ತಕ ಬರೆದರು. ದುಃಖಕ್ಕೆ ಏನನ್ನೂ ಮಾಡಿಡಲಿಲ್ಲ. ಮರಗಳು ತಮಗಿಂತ ಮೊದಲು ಸಾಯುತ್ತವೆ ಎಂದು ಅವರು ಎಣಿಸಿಯೇ ಇರಲಿಲ್ಲ. ಜಾಗವಿಲ್ಲದ ಆ ದುಃಖ ನೇರವಾಗಿ ರಿಗ್ ಲಾರಿಯವನ ಕೈಗೆ ಹೋಯಿತು.

ಮಾನಕ್ಕೂ ಈಚೆಗೆ ಅದೇ ಗತಿ. 2000–01ರಲ್ಲಿ ಸ್ತ್ರೀಶಕ್ತಿ ಗುಂಪುಗಳು ಬಂದಾಗ ವಾರಕ್ಕೆ ಹತ್ತಿಪ್ಪತ್ತು ರೂಪಾಯಿ ಕೂಡಿಸಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುತ್ತಿದ್ದ ಹೆಂಗಸರಿಗೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಿತ್ತು. ಕಂತು ತಪ್ಪಿದರೆ ಬೈಗುಳವೂ ಉಂಟು, ಮುಂದಿನ ವಾರದವರೆಗೆ ಬಿಡುವೂ ಉಂಟು. ಮೈಕ್ರೋಫೈನಾನ್ಸ್ ಅದೇ ಗುಂಪಿನ ಆಕಾರವನ್ನು ತೆಗೆದುಕೊಂಡು ಬಿಡುವನ್ನು ಕೈಬಿಟ್ಟಿತು. ಮನೆಯ ಮುಂದೆ ನಿಂತು ಕೂಗುವುದೇ ವಸೂಲಿಯ ದಾರಿಯಾಯಿತು. ಚಾಮರಾಜನಗರ, ಮೈಸೂರು ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಮುಯ್ಯಿ ಪುಸ್ತಕದಲ್ಲಿ ಮಾನ ಎರಡೂ ಕಡೆಯವರದು. ಇಲ್ಲಿ ಅದು ಒಂದೇ ಕಡೆಯವರ ಅಡಮಾನ.

ಅದೇ 2025ರಲ್ಲಿ ಕೊಬ್ಬರಿ ಯಾರೂ ಊಹಿಸದಷ್ಟು ಏರಿತು, ಕ್ವಿಂಟಲ್‌ಗೆ 25 ಸಾವಿರ ದಾಟಿತು. ಬೆಂಬಲ ಬೆಲೆ ಆ ಸಾಲಿಗೆ 12,100. ಒಂದು ವರ್ಷದ ಹಿಂದೆ ಚಪ್ಪಲಿ ಇಟ್ಟು ಸಾಲು ಹಿಡಿದ ಊರುಗಳಲ್ಲಿ ಆಗ ಮಾರಲು ಕೊಬ್ಬರಿ ಸಾಲದಾಯಿತು. ಇಳುವರಿ ಬಿದ್ದಿತ್ತು. ಎಳನೀರಿಗೆ, ಹಸಿಕಾಯಿಗೆ ತೋಟಕ್ಕೇ ಬಂದು ರೊಕ್ಕ ಎಣಿಸುವವರಿರುವಾಗ ವರ್ಷಗಟ್ಟಲೆ ಅಟ್ಟದಲ್ಲಿಡುವ ಧೈರ್ಯ ಯಾರಿಗಿದೆ? 8 ಸಾವಿರ ಕಂಡ ಕಣ್ಣು ಈಗ ಕಾಯಲು ಹೆದರುತ್ತದೆ. ಹೊಸದಾಗಿ ಕಟ್ಟುವ ಆರ್‌ಸಿಸಿ ಮನೆಗಳಲ್ಲಿ ಅಟ್ಟವೂ ಇಲ್ಲ.

ಅಟ್ಟ ಹೋಯಿತೆಂದು ಅಳುವುದು ನನ್ನ ಉದ್ದೇಶವಲ್ಲ. ಹಗೇವು ಹೋಗಿ ಎಷ್ಟೋ ಕಾಲವಾಯಿತು, ಪಡಿತರ ಬಂದ ಮೇಲೆ ಅದರ ಕೆಲಸ ಮುಗಿಯಿತು. ಆದರೆ ಅಟ್ಟ ಮಾಡುತ್ತಿದ್ದ ಕೆಲಸ ಮುಗಿದಿಲ್ಲ. ದಾಸ್ತಾನಿನ ಮೇಲೆ ಕೃಷಿ ಮಾರುಕಟ್ಟೆ ಸಮಿತಿಗಳು ಕೊಡುವ ಅಡಮಾನ ಸಾಲ ಒಂದು ದಾರಿ. ಮಗಳ ಫೀಸು ಕಟ್ಟಲು ಬಿದ್ದ ದರಕ್ಕೆ ಮಾರಬೇಕಿಲ್ಲ, ಸಾಲಕ್ಕೆ ಗಡುವು ಇರುವುದರಿಂದ ಕೊನೆಯಿಲ್ಲದೆ ಕಾಯುವಂತೆಯೂ ಇಲ್ಲ. ಇಷ್ಟು ದರ ಬಂದರೆ ಅರ್ಧ ಮಾರಿಯೇಬಿಡುತ್ತೇವೆ ಎಂದು ದರ ಏರುವ ಮೊದಲೇ ಮನೆಮಂದಿಯೆಲ್ಲ ಕೂತು ಮಾತಾಡಿಕೊಳ್ಳುವುದು ಇನ್ನೊಂದು ದಾರಿ. ಆ ಮಾತಿಗೆ ಹೆಂಗಸರೂ ಕೂರಬೇಕು. ಕೆಂಕೆರೆಯಲ್ಲಿ ಒಂದೆರಡು ಮನೆಯವರು ಹಾಗೆ ಮಾಡುತ್ತಿದ್ದಾರೆ. ಅಟ್ಟದ ಬದಲು ಕ್ಯಾಲೆಂಡರಿನ ಹಿಂದೆ ದರ ಬರೆದಿಟ್ಟಿದ್ದಾರೆ, ಪಕ್ಕದಲ್ಲಿ ಯಾವುದಕ್ಕೆ ಎಂದೂ ಬರೆದಿದೆ: ಮಗಳ ನರ್ಸಿಂಗ್ ಫೀಸು, ಮನೆದೇವರ ಹರಕೆ, ಬೀಳುತ್ತಿರುವ ಹಿತ್ತಿಲ ಗೋಡೆ. ಅದರಲ್ಲಿ ಭಯವೂ ಇದೆ, ಭಕ್ತಿಯೂ ಇದೆ, ನಾಲ್ಕು ಜನರ ಕಣ್ಣೂ ಇದೆ. ಯಾವುದನ್ನೂ ಹೊರಗಟ್ಟಿಲ್ಲ. ಎಲ್ಲದಕ್ಕೂ ಒಂದು ಜಾಗ, ಒಂದು ಗಡುವು ಮಾತ್ರ ಗೊತ್ತುಮಾಡಿದ್ದಾರೆ.